ಬೋರಿಂಗಿನಲ್ಲಿ ಇಂಚೂ ಉಂಟು, ಮಿಲಿಮೀಟರೂ ಉಂಟು

ಮೊನ್ನೆ ನಮ್ಮ ಶಾಲೆಯ ಹಳೆಯ ಹುಡುಗನೊಬ್ಬ ಮನೆಗೆ ಬಂದಿದ್ದ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಐಟಿಐ. ಕೈಯಲ್ಲಿ ಡ್ರಾಯಿಂಗ್ ಶೀಟು, ಮುಖ ಸಪ್ಪಗೆ.

"ಸಾರ್, ಅಳತೆ ಎಲ್ಲಾ ಮಿಲಿಮೀಟರಿಗೆ ತಿರುಗಿಸು ಅಂದಿದ್ರು. 3/8 ಇಂಚಿನ ಥ್ರೆಡ್ ತೂತಿಗೆ 9.525 ಅಂತ ಬರೆದೆ. ತಪ್ಪು ಹಾಕಿದಾರೆ. ಲೆಕ್ಕ ಸರಿ ಇದೆಯಲ್ಲ ಸಾರ್?"

ಲೆಕ್ಕ ಸರಿಯಾಗೇ ಇತ್ತು. ಉತ್ತರ ಮಾತ್ರ ತಪ್ಪು. ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲವೆಂದು ಅವನನ್ನು ಶಾಲೆಯ ಬೋರಿಂಗಿನ ಹತ್ತಿರ ಕರೆದುಕೊಂಡು ಹೋದೆ.

ನಮ್ಮ ರಾಯದುರ್ಗ, ಮಡಕಶಿರಾ ಕಡೆ ಬೋರಿಂಗ್ ಪಂಪು ನೋಡದ ಮಗು ಇಲ್ಲ. ಇದರ ಹೆಸರು ಇಂಡಿಯಾ ಮಾರ್ಕ್ 2. ಸೊಲ್ಲಾಪುರದಲ್ಲಿ ತಯಾರಾಗುತ್ತಿದ್ದ ಪಂಪನ್ನು ತಿದ್ದಿ, 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪಿಸಿದ್ದು. 1979ರಲ್ಲಿ ಐಎಸ್ 9301 ಎಂಬ ಮಾನಕ ಬಂತು. ಒಳಗಿನ ಕಡ್ಡಿ 12 ಮಿಲಿಮೀಟರು, ಅದರ ಥ್ರೆಡ್ಡು ಎಂ12, ಅಂದರೆ ಅಪ್ಪಟ ಮೆಟ್ರಿಕ್. ಅದೇ ಕಡ್ಡಿ ಇಳಿಯುವ ಜಿ.ಐ. ಪೈಪು ಮಾತ್ರ ಒಂದೂಕಾಲು ಇಂಚಿನದು. ಅದರ ಥ್ರೆಡ್ಡಿಗೆ ಇಂಚಿಗೆ 11 ಸುತ್ತು. ಒಂದರೊಳಗೊಂದು, ಎರಡು ಕಾಲದ ಅಳತೆ! ಆ ಪೈಪಿನ ಹೊರಗೆ ಸ್ಕೇಲು ಹಿಡಿದು ನೋಡಿ, ಸುಮಾರು 42 ಮಿಲಿಮೀಟರು ಬರುತ್ತದೆ. ಒಂದೂಕಾಲು ಇಂಚು ಎಂದರೆ 31.75 ತಾನೇ? ಹಿಂದೆ ಪೈಪನ್ನು ಒಳಗಿನ ಬಾಯಿಯಿಂದ ಕರೆಯುತ್ತಿದ್ದರು, ಆ ಹೆಸರೇ ಉಳಿದುಕೊಂಡಿದೆ.

ಇಷ್ಟು ಗೊಂದಲ ಎಲ್ಲಿಂದ ಬಂತು? 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್, ಪ್ರತಿ ಕಾರ್ಖಾನೆಗೂ ಒಂದೊಂದು ತಿರುಪು ಬೇಡ ಎಂದು ಒಂದು ಪಟ್ಟಿ ಕೊಟ್ಟ. ಥ್ರೆಡ್ಡಿನ ಕೋನ 55 ಡಿಗ್ರಿ, 3/8 ಇಂಚಿಗೆ 16 ಸುತ್ತು, ಅರ್ಧ ಇಂಚಿಗೆ 12. ಅಮೆರಿಕದವರು 1864ರಲ್ಲಿ 60 ಡಿಗ್ರಿ ಹಿಡಿದರು, ಅವರ ಅರ್ಧ ಇಂಚಿಗೆ ಕೊನೆಗೆ 13 ಸುತ್ತು ನಿಂತಿತು. ಇಬ್ಬರದೂ ಇಂಚೇ, ಒಬ್ಬರ ಬೋಲ್ಟು ಇನ್ನೊಬ್ಬರ ನಟ್ಟಿಗೆ ಸೇರದು. ಎರಡನೇ ಮಹಾಯುದ್ಧದಲ್ಲಿ ಇದರಿಂದ ಪಟ್ಟ ಪಾಡು ಸಾಕಾಗಿ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಂದೇ ಥ್ರೆಡ್ಡಿಗೆ ಒಪ್ಪಿಕೊಂಡವು.

ನಮ್ಮಲ್ಲಿನ ಕಥೆ ಇನ್ನೂ ಸ್ವಾರಸ್ಯ. ಲಾರ್ಡ್ ಮೇಯೊ ಕಾಲದಲ್ಲಿ, 1870ರ ಸುಮಾರಿಗೆ, ಭಾರತಕ್ಕೆ ಮೆಟ್ರಿಕ್ ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ ಸಣ್ಣ ರೈಲು ಹಳಿಯ ಅಗಲವನ್ನು ಸರಿಯಾಗಿ ಒಂದು ಮೀಟರು ಮಾಡಿದರು. 1871ರಲ್ಲಿ ಕಾಯಿದೆಯೂ ಆಯಿತು, ಆದರೆ ಜಾರಿಗೆ ಬರಲಿಲ್ಲ. ಮರುವರ್ಷ ಅಂಡಮಾನಿನಲ್ಲಿ ಮೇಯೊ ಕೊಲೆಯಾದ. ಬಳ್ಳಾರಿಯಿಂದ ನಮ್ಮೂರಿಗೆ ಬರುತ್ತಿದ್ದ ಹಳೆಯ ರೈಲು ಈ ಮೀಟರ್ ಗೇಜಿನದೇ. ಹಳಿಯ ಅಗಲ ಮೀಟರಿನಲ್ಲಿ, ಬ್ರಿಟಿಷರ ಯಂತ್ರದ ಬೋಲ್ಟು ಇಂಚಿನಲ್ಲಿ!

1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ಅನಂತಪುರಕ್ಕೆ ಸೇರಿತು. ಅದೇ ವರ್ಷ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಯಿತು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. ಸ್ವಿಸ್ಸರದು ಮೆಟ್ರಿಕ್, ಊರ ತುಂಬಾ ಇದ್ದದ್ದು ಇಂಚಿನ ಬೋಲ್ಟು. ಮೆಟ್ರಿಕ್ ಕಾಯಿದೆ ಆದದ್ದು 1956ರ ಕೊನೆಗೆ. ಒಂದೇ ಲೇತಿನಲ್ಲಿ ಎರಡೂ ಥ್ರೆಡ್ಡು ಹಾಕಲು 127 ಹಲ್ಲಿನ ಚಕ್ರ ಬಳಸುತ್ತಾರೆ. ಯಾಕೆ 127 ಅಂತ ಮಕ್ಕಳನ್ನು ಕೇಳಿ. 25.4ನ್ನು 5ರಿಂದ ಗುಣಿಸಿದರೆ 127. ಅದು ಅವಿಭಾಜ್ಯ ಸಂಖ್ಯೆ, ಚಿಕ್ಕ ಚಕ್ರದಲ್ಲಿ ಕರಾರುವಾಕ್ಕಾಗಿ ಬರುವುದಿಲ್ಲ. ನಾನು ಗಣಿತ ಪಾಠದಲ್ಲಿ ಇದನ್ನು ಹೇಳದೆ ಬಿಡುವುದಿಲ್ಲ.

ಈಗ ಹುಡುಗನ ಶೀಟಿಗೆ ಬರೋಣ. ಥ್ರೆಡ್ ತೂತನ್ನು ಎದುರಿನಿಂದ ಬರೆಯುವಾಗ ಒಂದು ದಪ್ಪ ವೃತ್ತ, ಹೊರಗೆ ಮುಕ್ಕಾಲು ತೆಳು ವೃತ್ತ. ಇಂಚಾದರೂ ಅಷ್ಟೇ, ಮೆಟ್ರಿಕ್ಕಾದರೂ ಅಷ್ಟೇ. ಗುರುತು ಸಿಗುವುದು ಪಕ್ಕದ ಬರಹದಿಂದ ಮಾತ್ರ. ಎಂ10 ಎಂದರೆ 10 ಮಿಲಿಮೀಟರು, ಸುತ್ತಿಗೆ 1.5. ಸಾಮಾನ್ಯ ಪಿಚ್ಚಾದರೆ ಬರೆಯುವುದಿಲ್ಲ, ಸಣ್ಣ ಪಿಚ್ಚಾದರೆ ಎಂ10×1.25 ಎಂದು ಬರೆಯಲೇಬೇಕು. 3/8 ಇಂಚಿನದಕ್ಕೆ ಸುತ್ತಿಗೆ ಸುಮಾರು 1.59. 9.525 ಎಂದಷ್ಟೇ ಬರೆದರೆ ಕೋನವೂ ಹೋಯಿತು, ಸುತ್ತೂ ಹೋಯಿತು. ಅದನ್ನು ನೋಡಿದವನು ಎಂ10 ಇರಬೇಕೆಂದು ಟ್ಯಾಪ್ ಹಾಕಿದರೆ? 3/8 ಬೋಲ್ಟು ಮೊದಲು ಸಲೀಸಾಗಿ ಒಳಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಬಲ ಹಾಕಿದರೆ ಥ್ರೆಡ್ಡು ಕಿತ್ತು ಬರುತ್ತದೆ. ಹಾಗೆ ಕೆಟ್ಟ ಒಂದು ಮೋಟಾರಿನ ಪಾದ ನಮ್ಮ ಅಣ್ಣನ ತೋಟದಲ್ಲಿ ಇನ್ನೂ ಬಿದ್ದಿದೆ.

ಹಾಗಾಗಿ ತಟ್ಟೆಯ ಉದ್ದ, ತೂತುಗಳ ನಡುವಿನ ದೂರ ಎಲ್ಲಾ ಮಿಲಿಮೀಟರಿಗೆ ತಿರುಗಿಸಬಹುದು, ಬೇಕಾದರೆ ಪಕ್ಕದಲ್ಲಿ ಕಂಸದೊಳಗೆ ಇಂಚನ್ನೂ ಇಡಬಹುದು. ಥ್ರೆಡ್ಡಿನದು ಅಳತೆ ಅಲ್ಲಪ್ಪಾ, ಹೆಸರು. ಇದ್ದ ಹಾಗೆ ಬರಿ ಎಂದೆ.

ಹುಡುಗ ಪಂಪಿನ ಕಟ್ಟೆ ಮೇಲೇ ಕೂತು ರಬ್ಬರು ತೆಗೆದ. 9.525 ಅಳಿಸಿ, "3/8 ಬಿಎಸ್‌ಡಬ್ಲ್ಯು" ಎಂದು ದಪ್ಪಗೆ ಬರೆದ.