ಅಳೆದು ಸುರಿಯುವ ಸಾಧನಗಳು: ಡೇರಿಯ ಆಸಿಡ್ ಬಾಟಲಿಯಿಂದ ಮಿರಜ್ ಆಸ್ಪತ್ರೆಯ ಸಲಾಯಿನ್‌ವರೆಗೆ

ಮಿರಜ್ ತಾಲೂಕಿನ ಮ್ಹೈಸಾಳ, ಆರಗ, ಬೇಡಗ ಇರಲಿ, ಗಡಿಯಾಚೆಯ ಕಾಗವಾಡ, ಶೇಡಬಾಳ ಇರಲಿ, ಬೆಳಗಿನ ಡೇರಿಯ ನೋಟ ಒಂದೇ. ಕ್ಯಾನು ಹಿಡಿದು ನಿಂತ ಸಾಲು, ತೂಕದ ಯಂತ್ರ, ಮೇಜಿನ ಮೇಲೆ ಗಾಜಿನ ಕೊಳವೆಗಳು. ಫಲಕದ ಮೇಲೆ ಒಂದು ಕಡೆ 'ದೂಧ ಸಂಕಲನ ಕೇಂದ್ರ' ಎಂದಿದ್ದರೆ ಇನ್ನೊಂದು ಕಡೆ 'ಹಾಲು ಉತ್ಪಾದಕರ ಸಂಘ' ಎಂದಿರುತ್ತದೆ, ವ್ಯತ್ಯಾಸ ಅಷ್ಟೇ. ಎರಡೂ ಕಡೆ ರೈತರ ಜಗಳವೂ ಒಂದೇ: "ನಿನ್ನೆ ಆರೂವರೆ ಫ್ಯಾಟ್ ಬಂದಿತ್ತು, ಇವತ್ತು ಯಾಕೆ ಇಳಿಯಿತು?"

ಎಮ್ಮೆಯ ಮೇವು, ಕರು, ಹಿಂಡಿದ ಹೊತ್ತು ಇವೆಲ್ಲ ಇದಕ್ಕೆ ಕಾರಣವಾಗಬಹುದು. ಆದರೆ ಕಾರಣ ಕೆಲವೊಮ್ಮೆ ಮೇಜಿನ ಮೇಲಿನ ಗಾಜಿನ ಸಾಮಾನಿನಲ್ಲಿಯೂ ಇರುತ್ತದೆ. ದ್ರವವನ್ನು ಗೊತ್ತಾದ ಅಳತೆಯಲ್ಲಿ ಪಾತ್ರೆಯಿಂದ ಹೊರತೆಗೆಯುವ ಉಪಕರಣಗಳಿಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ. ಅವುಗಳಲ್ಲಿ ನಮ್ಮ ಗಡಿಭಾಗದ ಜನರ ದಿನಬಳಕೆಗೆ ಬರುವ ಕೆಲವನ್ನು ಇಲ್ಲಿ ನೋಡೋಣ.

ಡೇರಿಯ ಗಾಜಿನ ತಲೆ

ಹಾಲಿನ ಕೊಬ್ಬು ಅಳೆಯುವ ಹಳೆಯ ಮತ್ತು ನಂಬಿಕೆಯ ವಿಧಾನ ಗರ್ಬರ್ ಪರೀಕ್ಷೆ. ಇದನ್ನು ರೂಪಿಸಿದವರು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್, 1890ರ ದಶಕದ ಆರಂಭದಲ್ಲಿ. ಅಮೆರಿಕದಲ್ಲಿ ಬ್ಯಾಬ್‌ಕಾಕ್ ಎಂಬವರು 1890ರಲ್ಲಿ ಇಂಥದೇ ಪರೀಕ್ಷೆ ಕಂಡುಹಿಡಿದಿದ್ದರು, ಆದರೆ ನಮ್ಮ ದೇಶದ ಡೇರಿಗಳಲ್ಲಿ ನೆಲೆ ನಿಂತದ್ದು ಗರ್ಬರ್ ವಿಧಾನವೇ.

ಇದರ ಲೆಕ್ಕ ಹೀಗಿದೆ. ಬ್ಯುಟಿರೋಮೀಟರ್ ಎಂಬ ಗುರುತು ಹಾಕಿದ ಗಾಜಿನ ಕೊಳವೆಗೆ ಮೊದಲು 10 ಮಿಲಿ ಗಂಧಕಾಮ್ಲ, ಅದರ ಮೇಲೆ ಗೋಡೆಗುಂಟ ನಿಧಾನವಾಗಿ 10.75 ಮಿಲಿ ಹಾಲು, ಕೊನೆಗೆ 1 ಮಿಲಿ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಕುಲುಕಿದರೆ ಆಮ್ಲವು ಕೊಬ್ಬನ್ನು ಬಿಟ್ಟು ಉಳಿದೆಲ್ಲವನ್ನೂ ಕರಗಿಸುತ್ತದೆ. ಆಮೇಲೆ ಯಂತ್ರದಲ್ಲಿ ಗರಗರ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿ ಇಟ್ಟು ತೆಗೆದರೆ ಮೇಲೆ ನಿಂತ ಹಳದಿ ಗೆರೆಯೇ ಫ್ಯಾಟ್.

ಇಲ್ಲಿ ಮೂರು ದ್ರವ, ಮೂರು ಅಳತೆ. ಗಂಧಕಾಮ್ಲವನ್ನು ಪಿಪೆಟ್‌ನಿಂದ ಬಾಯಲ್ಲಿ ಎಳೆಯುವಂತಿಲ್ಲ, ನಾಲಿಗೆ ಸುಟ್ಟೇ ಹೋಗುತ್ತದೆ. ಆದ್ದರಿಂದ ಆಸಿಡ್ ಬಾಟಲಿಯ ಬಾಯಿಗೆ ಒಂದು ಗಾಜಿನ ತಲೆ ಕೂರಿಸಿರುತ್ತಾರೆ. ಅದರೊಳಗೆ ಸರಿಯಾಗಿ 10 ಮಿಲಿ ಹಿಡಿಯುವ ಒಂದು ಗುಂಡು ಕೋಣೆ. ಬಾಟಲಿಯನ್ನು ವಾಲಿಸಿದರೆ ಕೋಣೆ ತುಂಬುತ್ತದೆ. ನೆಟ್ಟಗೆ ಹಿಡಿದರೆ ಹೆಚ್ಚಾದದ್ದು ಒಳಗಿನ ಕೊಳವೆಯಿಂದ ಮರಳಿ ಬಾಟಲಿಗೆ ಇಳಿಯುತ್ತದೆ. ಇನ್ನೊಂದು ದಿಕ್ಕಿಗೆ ಬಗ್ಗಿಸಿದರೆ ಕೋಣೆಯಲ್ಲಿ ಉಳಿದಷ್ಟೇ ಹೊರಬರುತ್ತದೆ. ಸ್ಪ್ರಿಂಗ್ ಇಲ್ಲ, ವಾಲ್ವ್ ಇಲ್ಲ, ಕರೆಂಟ್ ಬೇಡ. ಕಣ್ಣಳತೆಯೂ ಬೇಡ. ಆಲ್ಕೋಹಾಲ್ ಬಾಟಲಿಗೆ ಇದೇ ಮಾದರಿಯ 1 ಮಿಲಿ ತಲೆ. ಅಳೆದು ಸುರಿಯುವ ಸಾಧನಗಳಲ್ಲಿ ಇಷ್ಟು ಸರಳವಾದದ್ದು, ಇಷ್ಟು ಕಡಿಮೆ ಹೊಗಳಿಸಿಕೊಂಡದ್ದು ಇನ್ನೊಂದಿಲ್ಲ ಎನ್ನಬಹುದು.

ಆಮ್ಲ ಕಡಿಮೆ ಬಿದ್ದರೆ ಅಥವಾ ನೀರಾಗಿದ್ದರೆ ಹಾಲಿನ ಅಂಶ ಪೂರ್ತಿ ಕರಗದೆ ಗೆರೆಯ ಕೆಳಗೆ ಬಿಳಿ ಚೂರುಗಳು ನಿಲ್ಲುತ್ತವೆ. ಹೆಚ್ಚು ಬಿದ್ದರೆ ಅಥವಾ ತೀರಾ ಕಟುವಾಗಿದ್ದರೆ ಕಪ್ಪು ಕಣ ಕಾಣುತ್ತವೆ. ಎರಡೂ ಸಂದರ್ಭದಲ್ಲಿ ಆ ರೀಡಿಂಗ್ ನಂಬುವಂತಿಲ್ಲ, ಪರೀಕ್ಷೆಯನ್ನು ಮತ್ತೆ ಮಾಡಬೇಕು. ಇದನ್ನು ರೈತರೂ ನಿಂತಲ್ಲಿಂದಲೇ ನೋಡಬಹುದು.

ನಿಜವಾದ ಪೆಟ್ಟು ಬೀಳುವುದು ಹಾಲಿನ ಪಿಪೆಟ್‌ನಲ್ಲಿ. 10.75 ಮಿಲಿ ಬದಲು ಅರ್ಧ ಮಿಲಿ ಕಡಿಮೆ, ಅಂದರೆ 10.25 ಮಿಲಿ ಹಾಕಿದರೆಂದು ಇಟ್ಟುಕೊಳ್ಳಿ. ನಿಜಕ್ಕೂ 6.5 ಫ್ಯಾಟ್ ಇರುವ ಎಮ್ಮೆ ಹಾಲು 6.2 ತೋರಿಸುತ್ತದೆ. ಮೂರು ಪಾಯಿಂಟ್ ಹೋಯಿತು! ಮಹಾರಾಷ್ಟ್ರದಲ್ಲಿ ಆಕಳ ಹಾಲಿಗೆ 3.5 ಫ್ಯಾಟ್ ಮತ್ತು 8.5 ಎಸ್‌ಎನ್‌ಎಫ್, ಎಮ್ಮೆ ಹಾಲಿಗೆ 6.0 ಫ್ಯಾಟ್ ಮತ್ತು 9.0 ಎಸ್‌ಎನ್‌ಎಫ್ ಇಟ್ಟುಕೊಂಡು ದರ ಕಟ್ಟುವುದು ರೂಢಿ. ಪ್ರತಿ ಪಾಯಿಂಟಿಗೂ ದುಡ್ಡು ಏರಿಳಿಯುತ್ತದೆ. ಪಿಪೆಟ್‌ನ ತುದಿ ಒಡೆದಿದ್ದರೂ, ಹಾಲಿನಲ್ಲಿ ನೊರೆ ಇದ್ದರೂ, ಹಾಲನ್ನು ಕಲಕದೆ ಕೆಳಗಿನಿಂದ ತೆಗೆದರೂ ಇದೇ ಗತಿ. ಮೋಸವೇ ಆಗಬೇಕೆಂದಿಲ್ಲ, ಅವಸರ ಸಾಕು.

ಈಗ ಹೆಚ್ಚಿನ ಕಡೆ ವಿದ್ಯುತ್ ಯಂತ್ರಗಳು ಬಂದು ಅರ್ಧ ನಿಮಿಷದಲ್ಲಿ ಅಂಕಿ ತೋರಿಸುತ್ತವೆ. ಆದರೆ ಆ ಯಂತ್ರ ಸರಿ ಇದೆಯೇ ಎಂದು ತಾಳೆ ನೋಡಲು ಮತ್ತೆ ಗರ್ಬರ್ ಕೊಳವೆಯೇ ಬೇಕು.

ತೂಕದ ವಿಷಯದಲ್ಲೂ ಒಂದು ಮಾತು. ಹಾಲು ನೀರಿಗಿಂತ ಭಾರ, ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. 10 ಕಿಲೋ ಹಾಲು ಅಂದರೆ 9.7 ಲೀಟರ್ ಮಾತ್ರ. ಡೇರಿ ಕಿಲೋ ಲೆಕ್ಕದಲ್ಲಿ ದರ ಕೊಡುತ್ತದೆಯೋ ಲೀಟರ್ ಲೆಕ್ಕದಲ್ಲೋ ಎಂಬುದನ್ನು ಕೇಳಿ ತಿಳಿದುಕೊಂಡರೆ ಅರ್ಧ ಜಗಳ ಮುಗಿಯುತ್ತದೆ. ಯಂತ್ರವು 100 ಮಿಲಿಗಿಂತ ಸಣ್ಣದನ್ನು ತೋರಿಸದೆ ಬಿಟ್ಟುಬಿಡುವಂತಿದ್ದರೆ ಆ ಚಿಲ್ಲರೆ ಹಾಲು ದಿನಾಲು ಎರಡು ಹೊತ್ತು ರೈತನ ಖಾತೆಯಿಂದ ಜಾರುತ್ತದೆ.

ಸಾಂಗಲಿ ಜಿಲ್ಲೆಗೆ ಹಾಲಿನ ಉದ್ಯಮ ಹೊಸದಲ್ಲ. ಕೃಷ್ಣಾ ತೀರದ ಭಿಲವಡಿಯಲ್ಲಿ ಭಾಸ್ಕರ ಗಣೇಶ ಚಿತಳೆ ಅವರು ಡೇರಿ ಆರಂಭಿಸಿದ್ದು 1939ರಲ್ಲಿ.

ಸೇರು, ಪಾವು, ಪಳಿ

ಲೀಟರ್ ಬರುವ ಮೊದಲು ಎಣ್ಣೆ, ಹಾಲು, ತುಪ್ಪ ಎಲ್ಲವೂ ಸೇರು, ಅಚ್ಛೇರು, ಪಾವು ಲೆಕ್ಕದಲ್ಲಿ ನಡೆಯುತ್ತಿದ್ದವು. ಅಂಗಡಿಯ ಎಣ್ಣೆ ಡಬ್ಬಿಯಲ್ಲಿ ಉದ್ದ ಹಿಡಿಯ ಮಾಪು ಸದಾ ಇಳಿಬಿದ್ದಿರುತ್ತಿತ್ತು. ಮರಾಠಿಯ ಪಳಿ, ಕನ್ನಡದ ಮಿಳ್ಳೆ, ದೇವರ ತೀರ್ಥಕ್ಕೆ ಉದ್ಧರಣೆ, ಇವೂ ಒಂದು ರೀತಿಯಲ್ಲಿ ಅಳತೆಯ ಸಾಧನಗಳೇ. ತೊಂದರೆ ಎಂದರೆ ಸೇರು ಎಲ್ಲ ಕಡೆ ಒಂದೇ ಆಗಿರಲಿಲ್ಲ. ಈ ಭಾಗದಲ್ಲಿ ಸಾಂಗಲಿ, ಮಿರಜ್, ಜತ್, ಔಂಧ್ ಹೀಗೆ ಸಂಸ್ಥಾನಗಳು ಒತ್ತೊತ್ತಾಗಿದ್ದವು, ಒಂದು ಊರು ದಾಟಿದರೆ ಬೇರೆ ರಾಜ್ಯ. 1948ರಲ್ಲಿ ಅವು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂದು, 1958ರಿಂದ ಹಂತ ಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಯಾಯಿತು. ಅಜ್ಜಿಯರು ಮಾತ್ರ ಆಮೇಲೂ ಬಹಳ ವರ್ಷ ಪಾವಿನಲ್ಲೇ ಹಾಲು ಕೇಳಿದರು.

ಸರಕಾರಿ ಮುದ್ರೆಯ ಎಣ್ಣೆ ಮಾಪುಗಳಲ್ಲಿ ತಳ ಅಗಲ, ಬಾಯಿ ಕಿರಿದು ಇರುವ ಶಂಕುವಿನಾಕಾರದವು ಇರುವುದನ್ನು ಹಲವರು ನೋಡಿರಬಹುದು. ಅದಕ್ಕೆ ಕಾರಣವಿದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಎಳೆ ಕಡಿಮೆ ತುಂಬಿದರೂ ಬಹಳ ನಷ್ಟ, ಕಿರಿದಾದ ಬಾಯಿಯಲ್ಲಿ ಅಷ್ಟೇ ಎಳೆ ಕಡಿಮೆಯಾದರೆ ನಷ್ಟ ಅತ್ಯಲ್ಪ. ತಳವನ್ನು ಒಳಕ್ಕೆ ಗುದ್ದಿದ ಮಾಪು, ನೊರೆಯೊಂದಿಗೆ ಸುರಿದ ಹಾಲು, ಹೆಬ್ಬೆರಳು ಒಳಗಿಟ್ಟು ಹಿಡಿದ ಅಳತೆ ಇವು ಹಳೆಯ ಕಸುಬುಗಳು, ಇನ್ನೂ ಸತ್ತಿಲ್ಲ.

ನಾಣ್ಯ ಹಾಕಿದರೆ ನೀರು

ಈಗಿನ ನೀರಿನ ಎಟಿಎಂ ಹೊಸದೆಂದು ತಿಳಿಯಬೇಡಿ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಪಂಡಿತ ಇಂಥ ಯಂತ್ರವನ್ನು ವರ್ಣಿಸಿದ್ದಾನೆ. ದೇವಾಲಯಕ್ಕೆ ಬಂದವರು ಸೀಳಿನಲ್ಲಿ ನಾಣ್ಯ ಹಾಕಬೇಕು. ನಾಣ್ಯ ಒಂದು ತಟ್ಟೆಯ ಮೇಲೆ ಬಿದ್ದು, ಸನ್ನೆಗೋಲು ಬಗ್ಗಿ, ಇನ್ನೊಂದು ತುದಿ ಬಿರಡೆಯನ್ನು ಎತ್ತುತ್ತದೆ. ನಾಣ್ಯ ಜಾರಿ ಬೀಳುವಷ್ಟು ಹೊತ್ತು ಮಾತ್ರ ಪವಿತ್ರ ಜಲ. ನಮ್ಮ ದೇಶದಲ್ಲಿ ಟೋಕನ್ ಹಾಕಿ ಬಿಡಿ ಹಾಲು ಪಡೆಯುವ ಯಂತ್ರಗಳನ್ನು ಜನಪ್ರಿಯಗೊಳಿಸಿದ್ದು 1974ರಲ್ಲಿ ಸ್ಥಾಪನೆಯಾದ ದಿಲ್ಲಿಯ ಮದರ್ ಡೇರಿ.

ಪೆಟ್ರೋಲ್ ಪಂಪ್

ಇದು ಮೊದಲು ಸೀಮೆಎಣ್ಣೆಗಾಗಿ ಹುಟ್ಟಿದ್ದು. ಅಮೆರಿಕದ ಫೋರ್ಟ್ ವೇನ್ ಊರಿನ ಸಿಲ್ವೇನಸ್ ಬೌಸರ್ 1885ರಲ್ಲಿ ಒಬ್ಬ ಕಿರಾಣಿ ವ್ಯಾಪಾರಿಗೆ ಮೊದಲ ಪಂಪು ಮಾರಿದ. ಪೀಪಾಯಿಯ ಸೀಮೆಎಣ್ಣೆ ಸೋರಿ ಪಕ್ಕದ ಬೆಣ್ಣೆ ಕೆಡುತ್ತಿದ್ದುದೇ ಇದಕ್ಕೆ ಕಾರಣ ಎಂದು ಹೇಳುತ್ತಾರೆ. ಹಿಡಿ ಎತ್ತಿ ಇಳಿಸಿದರೆ ಗೊತ್ತಾದಷ್ಟು ಎಣ್ಣೆ ಮೇಲೆ ಬರುವಂತೆ ಅದನ್ನು ಮಾಡಿದ್ದ. 1905ರ ಹೊತ್ತಿಗೆ ಅದೇ ಪೆಟ್ರೋಲಿಗೂ ಬಂತು. ಟ್ಯಾಂಕರ್ ಗಾಡಿಯನ್ನು ಇಂದಿಗೂ ಕೆಲವರು ಬೌಸರ್ ಎನ್ನುವುದು ಈತನ ಹೆಸರಿನಿಂದಲೇ.

ಈಗಿನ ಪಂಪಿನೊಳಗೆ ಪಿಸ್ಟನ್‌ಗಳಿರುವ ಮೀಟರ್ ಇದೆ. ಪ್ರತಿ ಸುತ್ತಿಗೂ ನಿಶ್ಚಿತ ಪ್ರಮಾಣ ಹೊರಹೋಗುತ್ತದೆ, ಸುತ್ತುಗಳನ್ನು ಪಲ್ಸರ್ ಎಂಬ ಸಾಧನ ವಿದ್ಯುತ್ ಮಿಡಿತಗಳಾಗಿ ಎಣಿಸಿ ಪರದೆಗೆ ಕಳಿಸುತ್ತದೆ. ಮೋಸ ನಡೆದದ್ದು ಇದೇ ಜಾಗದಲ್ಲಿ. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಎಸ್‌ಟಿಎಫ್ ಲಖನೌದ ಪಂಪುಗಳಲ್ಲಿ ಎಣಿಕೆ ತಿದ್ದುವ ಚಿಪ್‌ಗಳನ್ನು ಪತ್ತೆಮಾಡಿತು. ಅದೇ ವರ್ಷ ಜೂನ್‌ನಿಂದ ಠಾಣೆ ಪೊಲೀಸರು ಮಹಾರಾಷ್ಟ್ರದ ಹಲವು ಜಿಲ್ಲೆಗಳಲ್ಲಿ ದಾಳಿ ಮಾಡಿದರು. ಸೊನ್ನೆ ನೋಡಿಕೊಂಡರೆ ಸಾಕು ಎಂಬ ನಮ್ಮೆಲ್ಲರ ನಂಬಿಕೆ ಅಲ್ಲಿಗೆ ಮುರಿಯಿತು.

ಅನುಮಾನ ಬಂದರೆ ಉಪಾಯವಿದೆ. ಪ್ರತಿ ಪಂಪಿನಲ್ಲೂ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇರಬೇಕು. ಗ್ರಾಹಕರು ಕೇಳಿದರೆ ಅದಕ್ಕೆ ತುಂಬಿ ತೋರಿಸಬೇಕು. 5 ಲೀಟರಿಗೆ 25 ಮಿಲಿವರೆಗಿನ ವ್ಯತ್ಯಾಸಕ್ಕೆ ಮಾತ್ರ ಮಾಫಿ. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಬರುತ್ತದೆ ಎಂಬ ಮಾತಿನಲ್ಲಿ ಹುರುಳು ಕಡಿಮೆ. ಟ್ಯಾಂಕು ನೆಲದೊಳಗಿರುವುದರಿಂದ ಬೆಳಗು, ಮಧ್ಯಾಹ್ನ ಎಂದು ಅಂಥ ಏರುಪೇರು ಆಗುವುದಿಲ್ಲ.

ಮಿರಜ್‌ನ ಹನಿ ಲೆಕ್ಕ

ಗಡಿಭಾಗದಲ್ಲಿ ಕಾಯಿಲೆ ಜೋರಾದರೆ ಬಾಯಿಗೆ ಬರುವ ಮೊದಲ ಊರು ಮಿರಜ್. ಕೆನಡಾ ಮೂಲದ ಡಾ. ವಿಲಿಯಂ ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ ಇಲ್ಲಿ ತೆರೆದದ್ದು 1894ರಲ್ಲಿ, ಸರಕಾರಿ ವೈದ್ಯಕೀಯ ಕಾಲೇಜು ಬಂದದ್ದು 1962ರಲ್ಲಿ. ಅಥಣಿ, ವಿಜಯಪುರ ಕಡೆಯ ಕನ್ನಡ ರೋಗಿಗಳು ಈ ಊರಿಗೆ ತಲೆಮಾರುಗಳಿಂದ ಬರುತ್ತಿದ್ದಾರೆ.

ಸಲಾಯಿನ್ ಬಾಟಲಿಯ ಕೆಳಗೆ ಹನಿ ಬೀಳುವ ಪಾರದರ್ಶಕ ಕೋಣೆ ಇರುತ್ತದಲ್ಲ, ಅದೇ ಅಳತೆಗೋಲು. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ 1 ಮಿಲಿ, ಮಕ್ಕಳಿಗೆ ಬಳಸುವ ಮೈಕ್ರೋ ಸೆಟ್‌ನಲ್ಲಿ 60 ಹನಿಗೆ 1 ಮಿಲಿ. 500 ಮಿಲಿ ಬಾಟಲಿ 4 ತಾಸಿನಲ್ಲಿ ಇಳಿಯಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. "ಬೇಗ ಮುಗಿಸಿ ಊರಿಗೆ ಹೋಗೋಣ" ಎಂದು ಜೊತೆಗಿದ್ದವರು ಚಕ್ರ ತಿರುಗಿಸುವುದು ವಾರ್ಡಿನಲ್ಲಿ ಸಾಮಾನ್ಯ. ಹೃದಯ, ಮೂತ್ರಪಿಂಡ ದುರ್ಬಲವಿದ್ದವರಿಗೆ ಇದು ಜೀವಕ್ಕೇ ಕುತ್ತು. ಚಕ್ರ ಮುಟ್ಟಬೇಡಿ, ಸಿಸ್ಟರ್‌ನ್ನು ಕರೆಯಿರಿ.

ಸಿರಿಂಜಿನ ಇತಿಹಾಸವೂ ಅಳತೆಯದ್ದೇ. 1853ರಲ್ಲಿ ಫ್ರಾನ್ಸಿನ ಪ್ರವಾಜ್ ಮಾಡಿಸಿದ ಬೆಳ್ಳಿಯ ಸಿರಿಂಜಿನಲ್ಲಿ ದಂಡವನ್ನು ಒತ್ತುವಂತಿರಲಿಲ್ಲ, ಸ್ಕ್ರೂನಂತೆ ತಿರುಗಿಸಬೇಕಿತ್ತು. ಎಷ್ಟು ಸುತ್ತೋ ಅಷ್ಟು ಔಷಧ. 1985ರಲ್ಲಿ ಬಂದ ಇನ್ಸುಲಿನ್ ಪೆನ್ನೂ ಡಯಲ್ ತಿರುಗಿಸಿ ಅಳತೆ ಇಡುವ ಪದ್ಧತಿಯನ್ನು ಮನೆಮನೆಗೆ ತಂದ ಸಾಧನಗಳ ಸಾಲಿನದು.

ಇನ್ಸುಲಿನ್ ತೆಗೆದುಕೊಳ್ಳುವ ಮನೆಗಳಲ್ಲಿ ಒಂದು ಎಚ್ಚರ ಅಗತ್ಯ. ನಮ್ಮಲ್ಲಿ ಶೀಶೆಗಳು ಎರಡು ಬಗೆ: ಮಿಲಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ರ ಸಿರಿಂಜಿಗೆ ಕೆಂಪು ಟೋಪಿ, 100ರದಕ್ಕೆ ಕಿತ್ತಳೆ ಟೋಪಿ. 100ರ ಶೀಶೆಯಿಂದ ಕೆಂಪು ಟೋಪಿಯ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಹೋಗುವುದು 20 ಯೂನಿಟ್ ಅಲ್ಲ, 50 ಯೂನಿಟ್. ರೋಗಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಶೀಶೆ ಒಂದು ಊರಿನಲ್ಲಿ, ಸಿರಿಂಜು ಇನ್ನೊಂದು ಊರಿನಲ್ಲಿ ಕೊಳ್ಳುವವರು ಎರಡರ ಮೇಲಿನ ಅಂಕಿಯನ್ನು ಕೂಡಿಸಿ ನೋಡಿಯೇ ಹಣ ಕೊಡಬೇಕು.

ಮಕ್ಕಳ ಜ್ವರದ ಔಷಧದಲ್ಲೂ ಇದೇ ಗೊಂದಲ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಲಿಗ್ರಾಂ ಇದ್ದರೆ, ಸಿರಪ್‌ನಲ್ಲಿ 5 ಮಿಲಿಗೆ 125 ಮಿಲಿಗ್ರಾಂ. ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಬಾರದು. ಅಡುಗೆಮನೆಯ ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ, ಬಾಟಲಿಯ ಜೊತೆ ಬಂದ ಮುಚ್ಚಳವನ್ನೇ ಬಳಸಬೇಕು.

ತೋಟದ ಲೆಕ್ಕ

ತಾಸಗಾಂವ, ಕವಠೆಮಹಾಂಕಾಳ, ಜತ್ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಪಿಪಿಎಂ ಎಂಬ ಮಾತು ಬಾಯಿಪಾಠ. 100 ಲೀಟರ್ ನೀರಿಗೆ 1 ಗ್ರಾಂ ಜಿಬ್ಬರೆಲಿಕ್ ಆಮ್ಲ ಅಂದರೆ 10 ಪಿಪಿಎಂ. ಡ್ರಿಪ್ ಪೈಪಿನಲ್ಲಿ ಗೊಬ್ಬರ ಸೇರಿಸುವ ವೆಂಚುರಿ ಇಟಲಿಯ ವೆಂಚುರಿ ಎಂಬ ವಿಜ್ಞಾನಿಯ ಹೆಸರಿನದು. ಕಿರಿದಾದ ಜಾಗದಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಬಕೆಟ್‌ನ ಗೊಬ್ಬರದ ನೀರು ತಾನೇ ಒಳಕ್ಕೆ ಎಳೆಯಲ್ಪಡುತ್ತದೆ. ಮೋಟಾರಿನ ಒತ್ತಡ ಏರಿಳಿದರೆ ಎಳೆಯುವ ಪ್ರಮಾಣವೂ ಏರಿಳಿಯುತ್ತದೆ ಎಂಬುದು ಇದರ ಕುಂದು. ವೋಲ್ಟೇಜ್ ಕಡಿಮೆಯಾದ ದಿನ ಗೊಬ್ಬರ ಹೋಯಿತೆಂದು ತಿಳಿಯುವಂತಿಲ್ಲ.

ಅಳತೆಯ ದೊಡ್ಡ ಪಾತ್ರೆಯೆಂದರೆ ರೈಲು. 2016ರ ಬರದಲ್ಲಿ ಲಾತೂರಿಗೆ ಮಿರಜ್‌ನಿಂದ ನೀರು ಸಾಗಿಸಿದ 'ಜಲದೂತ'ದ ಮೊದಲ ಗಾಡಿ ಏಪ್ರಿಲ್ 11ರಂದು ಹೊರಟಿತು. ತಲಾ ಸುಮಾರು 50 ಸಾವಿರ ಲೀಟರಿನ 10 ವ್ಯಾಗನ್, ಒಟ್ಟು 5 ಲಕ್ಷ ಲೀಟರ್. ಮುಂದೆ 50 ವ್ಯಾಗನ್‌ಗಳ ಗಾಡಿಗಳೂ ಓಡಿದವು. ಅಲ್ಲಿ ಮೀಟರಿಗಿಂತ ವ್ಯಾಗನ್ ಎಣಿಕೆಯೇ ಲೆಕ್ಕ.

ದೂರು ಎಲ್ಲಿ?

ಕಾನೂನು ದೇಶಕ್ಕೆಲ್ಲ ಒಂದೇ, 2009ರ ಲೀಗಲ್ ಮೆಟ್ರಾಲಜಿ ಕಾಯ್ದೆ. ಇದು 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ತಪಾಸಣೆ ಮಾಡುವುದು ಆಯಾ ರಾಜ್ಯದ ಇಲಾಖೆ. ಮ್ಹೈಸಾಳದ ಪಂಪಿನ ದೂರು ಮಹಾರಾಷ್ಟ್ರದ 'ವೈಧ ಮಾಪನ ಶಾಸ್ತ್ರ' ಇಲಾಖೆಗೆ, ಕಾಗವಾಡದ್ದು ಕರ್ನಾಟಕದ 'ಕಾನೂನು ಮಾಪನಶಾಸ್ತ್ರ' ಇಲಾಖೆಗೆ. ಗ್ರಾಹಕ ಎಲ್ಲಿಯವನು ಎಂಬುದು ಮುಖ್ಯವಲ್ಲ, ಮಾಪು ಎಲ್ಲಿದೆ ಎಂಬುದು ಮುಖ್ಯ. ಲೀಟರ್ ಮಾಪಿಗೆ ಎರಡು ವರ್ಷಕ್ಕೊಮ್ಮೆ, ಪೆಟ್ರೋಲ್ ಪಂಪಿಗೆ ವರ್ಷಕ್ಕೊಮ್ಮೆ ಮರುಮುದ್ರೆ ಆಗಬೇಕು. ಮುದ್ರೆಯಲ್ಲಿ ವರ್ಷದ ಅಂಕಿಯ ಜೊತೆ ಎ, ಬಿ, ಸಿ, ಡಿ ಎಂಬ ಅಕ್ಷರವೊಂದು ಇರುತ್ತದೆ. ಅದು ವರ್ಷದ ಯಾವ ತ್ರೈಮಾಸಿಕದಲ್ಲಿ ತಪಾಸಣೆಯಾಯಿತು ಎಂಬುದರ ಗುರುತು.