ನಿದ್ರೆ ಮಾತ್ರೆ, ಎದೆಯುರಿ ಮತ್ತು ಸರ್ಪಗಂಧ

ಹೊಸಹಳ್ಳಿಯಿಂದ ಮಾತಾಡ್ತಾ ಇದೀನಿ. ನಮ್ಮ ಏರಿಯಾದ ಯಾವುದೇ ಮೆಡಿಕಲ್ ಸ್ಟೋರ್ ಮುಂದೆ ಸ್ವಲ್ಪ ಹೊತ್ತು ನಿಂತ್ರೆ ಎರಡು ಮಾತು ಕಿವಿಗೆ ಬೀಳುತ್ತೆ: 'ಗ್ಯಾಸ್ಟ್ರಿಕ್‌ಗೆ ಏನಾದ್ರೂ ಕೊಡಿ', 'ರಾತ್ರಿ ನಿದ್ದೆನೇ ಬರಲ್ಲ'. ಈ ಎರಡು ದೂರುಗಳ ನಂಟು ಹಳೆಯದು.

ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದಿಂದ ಶುರು ಮಾಡ್ತೀನಿ. ಅದರ ಬೇರು ಮನಸ್ಸಿನ ಕೆರಳಿಕೆಯನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಆ ಬೇರಿನಿಂದ ರೆಸರ್ಪಿನ್ ತೆಗೆದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮಾನಸಿಕ ರೋಗಿಗಳಿಗೆ ಕೊಟ್ಟ ಅನುಭವ ಪ್ರಕಟಿಸಿದರು. ಮುಂದೆ ನಿಮ್ಹಾನ್ಸ್ ಆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಲ್ಲಿ ಶುರುವಾಗಿದ್ದೂ ಅದೇ ವರ್ಷ.

ಆದರೆ ರೆಸರ್ಪಿನ್ ಹೊಟ್ಟೆಯ ಆಮ್ಲವನ್ನು ಹೆಚ್ಚಿಸುತ್ತಿತ್ತು. ಅಲ್ಸರ್ ಇದ್ದವರಿಗೆ ಕೊಡಬೇಡಿ ಅನ್ನೋ ಎಚ್ಚರಿಕೆ ಅದಕ್ಕೆ ಅಂಟಿಕೊಂಡಿತು. ತಲೆ ತಣ್ಣಗಾಗಿ ಹೊಟ್ಟೆ ಉರಿದ ಹಾಗೆ! ಆ ಆಮ್ಲ ಮೇಲೇರಿದರೆ ಅನ್ನನಾಳದಲ್ಲಿ ಉರಿಯೂತ ಆಗುತ್ತದೆ ಅನ್ನೋದನ್ನ ಅಮೆರಿಕದ ವೈದ್ಯ ಆಶರ್ ವಿಂಕಲ್‌ಸ್ಟೈನ್ 1935ರಲ್ಲೇ ವಿವರಿಸಿದ್ದರು.

1960ರಲ್ಲಿ ಲಿಬ್ರಿಯಂ, 1963ರಲ್ಲಿ ವೇಲಿಯಂ ಬಂದವು. ಇವುಗಳ ತೊಂದರೆ ಬೇರೆ ಥರದ್ದು. ನಿದ್ದೆಯಲ್ಲಿ ನಾವು ಎಂಜಲು ನುಂಗೋದು ತೀರಾ ಕಡಿಮೆ, ಜೊಲ್ಲೂ ಹೆಚ್ಚು ಊರಲ್ಲ. ಆಮ್ಲ ಮೇಲೆ ಬಂದಾಗ ಒಂದು ಗಳಿಗೆ ಎಚ್ಚರವಾಗಿ, ನುಂಗಿ, ಮತ್ತೆ ಮಲಗ್ತೀವಿ. ಬೆಳಿಗ್ಗೆ ನೆನಪೂ ಇರಲ್ಲ. ಅನ್ನನಾಳವನ್ನು ಕಾಯೋದು ಆ ಎಚ್ಚರ. ನಿದ್ರೆ ಮಾತ್ರೆ ಕಿತ್ತುಕೊಳ್ಳೋದೂ ಅದನ್ನೇ.

ಫಿಲಡೆಲ್ಫಿಯಾದ ಸಂಶೋಧಕರು 2009ರಲ್ಲಿ ಇದನ್ನು ಅಳೆದು ತೋರಿಸಿದರು. ಹುಸಿ ಮಾತ್ರೆ ನುಂಗಿದ ರಾತ್ರಿ, ಆಮ್ಲ ಮೇಲೆ ಬಂದಾಗ ಶೇ. 89 ಸಲ ಜನರಿಗೆ ಎಚ್ಚರವಾಯಿತು. ಝೋಲ್ಪಿಡೆಮ್ ನುಂಗಿದ ರಾತ್ರಿ ಶೇ. 40 ಸಲ ಮಾತ್ರ. ಮೊದಲೇ ಎದೆಯುರಿ ಕಾಯಿಲೆ ಇದ್ದವರಲ್ಲಿ ಆಮ್ಲ ಅನ್ನನಾಳದಲ್ಲಿ ನಿಂತ ಹೊತ್ತು ಅರ್ಧ ನಿಮಿಷದಿಂದ ಸುಮಾರು ಆರು ನಿಮಿಷಕ್ಕೆ ಏರಿತು. ಪ್ರಯೋಗ ಚಿಕ್ಕದು, ಆದರೂ ನನಗೆ ಇದು ಭಯ ಹುಟ್ಟಿಸುವ ಲೆಕ್ಕವೇ.

2005ರಲ್ಲಿ 15,000ಕ್ಕೂ ಹೆಚ್ಚು ಅಮೆರಿಕನ್ನರ ಮೇಲೆ ನಡೆದ ಅಧ್ಯಯನದಲ್ಲಿ, ರಾತ್ರಿ ಎದೆಯುರಿ ಇದ್ದವರ ಲಕ್ಷಣಗಳಲ್ಲಿ ವೇಲಿಯಂ ಗುಂಪಿನ ಮಾತ್ರೆಗಳ ಬಳಕೆಯೂ ಸೇರಿತ್ತು. ಉರಿಗೆ ಮಾತ್ರೆಯೇ ಕಾರಣ ಅಂತ ಇಷ್ಟರಿಂದ ಹೇಳೋಕಾಗಲ್ಲ; ಉರಿಯಿಂದ ಎದ್ದು ಕೂತವರೇ ಮಾತ್ರೆ ಕೇಳಿರಬಹುದು. ಹಾಗಂತ ದಿನಾ ನುಂಗ್ತಿರೋರು ಇವತ್ತೇ ನಿಲ್ಲಿಸಬೇಡಿ, ದಿಢೀರ್ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಗ್ಯಾಸ್ಟ್ರಿಕ್‌ಗೆ ಒಬ್ಬ ಡಾಕ್ಟ್ರು, ನಿದ್ದೆಗೆ ಇನ್ನೊಬ್ಬರು ಇದ್ದರೆ, ಎರಡೂ ಚೀಟಿ ಇಬ್ಬರಿಗೂ ತೋರಿಸಿ.