ವಿಮಾನದಂತೆ ಕಾಣದ ಅವಶೇಷ

ಬೀದರ್ ವಾಯುನೆಲೆ ತರಬೇತಿಯ ನೆಲೆ. ಹೊಸ ಪೈಲಟ್‌ಗಳು 2008ರಿಂದ ಇಲ್ಲಿ ಹಾಕ್ ಜೆಟ್‌ಗಳಲ್ಲಿ ಪಳಗುತ್ತಿದ್ದಾರೆ. ಕಲಿಯುವ ಕಡೆ ಬೀಳುವುದೂ ಉಂಟು, ಪಳಗಿದವರೂ ಬೀಳುತ್ತಾರೆ. ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ಕಿರಣ್ ವಿಮಾನಗಳು 2006ರಲ್ಲೊಮ್ಮೆ, 2009ರಲ್ಲೊಮ್ಮೆ ಬೀದರ್ ಸಮೀಪವೇ ನೆಲಕ್ಕಪ್ಪಳಿಸಿ ಪೈಲಟ್‌ಗಳು ಜೀವ ತೆತ್ತರು. ಬಿದ್ದ ವಿಮಾನವನ್ನು ಹುಡುಕುವವರಿಗೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಸುಳ್ಳು ಅವಶೇಷ ಬೇಕು. ಅದನ್ನು ಕಟ್ಟುವುದೂ ಒಂದು ಕಸುಬೇ.

ಈ ಕಸುಬು ಬೆಂಕಿಯಿಂದ ಶುರುವಾಯಿತು. ಬೆಂಕಿ ಆರಿಸುವ ಪಾಠಕ್ಕೆ ಹಾರಾಟ ನಿಲ್ಲಿಸಿದ ಹಳೆ ವಿಮಾನದ ಒಡಲನ್ನು ತಂದು, ಗುಂಡಿಯಲ್ಲಿ ಇಂಧನ ಸುರಿದು ಹಚ್ಚುತ್ತಿದ್ದರು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಹೀಗಾಗಿ ನಾಲ್ಕಾರು ಪಾಠಗಳಲ್ಲಿ ವಿಮಾನವೇ ಇಲ್ಲವಾಗುತ್ತಿತ್ತು. ಸುತ್ತಲ ಮಣ್ಣೂ ಕೆಡುತ್ತಿತ್ತು. ಆಮೇಲೆ ಬಂದದ್ದು ಉಕ್ಕಿನ ವಿಮಾನ: ದಪ್ಪ ತಗಡಿನ ಕೊಳವೆ, ಬಾಗಿಲು, ಸೀಟು, ರೆಕ್ಕೆಯಡಿ ಎಂಜಿನ್‌ನ ಆಕಾರ, ಒಳಗೆಲ್ಲ ಎಲ್‌ಪಿಜಿ ಬರ್ನರ್. ವಾಲ್ವ್ ತಿರುಗಿಸಿದರೆ ಬೆಂಕಿ, ಮತ್ತೆ ತಿರುಗಿಸಿದರೆ ಇಲ್ಲ. ಅಗ್ನಿಶಾಮಕ ವಾಹನ ಮೂರು ನಿಮಿಷದೊಳಗೆ ರನ್‌ವೇಯ ಯಾವ ತುದಿಗಾದರೂ ಮುಟ್ಟಬೇಕು, ಎರಡು ವರ್ಷಕ್ಕೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಎಷ್ಟೋ ಕಡೆ ಹಳೆ ಬಸ್ಸೇ ವಿಮಾನದ ಪಾತ್ರ ವಹಿಸುತ್ತದೆ. ನಗುವಂಥದ್ದೇನಿಲ್ಲ, ಇಕ್ಕಟ್ಟಾದ ನಡುದಾರಿಯಿಂದ ಗಾಯಾಳುಗಳನ್ನು ಇಳಿಸುವ ಪಾಠಕ್ಕೆ ಬಸ್ಸು ಸಾಕು.

ಆದರೆ ಅಲ್ಲಿ ವಿಮಾನ ಎಲ್ಲಿದೆಯೆಂದು ಎಲ್ಲರಿಗೂ ಮೊದಲೇ ಗೊತ್ತು. ಹುಡುಕಾಟದ ಕಥೆ ಬೇರೆ. 1972ರಲ್ಲಿ ಅಮೆರಿಕದ ಇಬ್ಬರು ಸಂಸದರಿದ್ದ ಪುಟ್ಟ ವಿಮಾನ ಅಲಾಸ್ಕಾದಲ್ಲಿ ಕಾಣೆಯಾಯಿತು, ಇವತ್ತಿಗೂ ಸಿಕ್ಕಿಲ್ಲ. ಬಿದ್ದಾಗ ಸಂಕೇತ ಕಳಿಸುವ ತುರ್ತು ಬೀಕನ್ ವಿಮಾನಗಳಲ್ಲಿ ಕಡ್ಡಾಯವಾಗಲು ಆ ಘಟನೆಯ ಒತ್ತಡವೂ ಕಾರಣ. 1982ರಿಂದ ಉಪಗ್ರಹಗಳು ಆ ಸಂಕೇತಕ್ಕೆ ಕಿವಿಗೊಟ್ಟಿವೆ; ಭಾರತದ ಪಾಲಿನ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರ್ಯಾಕ್‌ನಲ್ಲಿದೆ. ಬೀಕನ್ ಬಚ್ಚಿಟ್ಟು ಹುಡುಕಿಸುವುದೇ ಅಭ್ಯಾಸವೆಂದಾಯಿತು. ತಗಡು ಹೊರುವ ಕೆಲಸ ತಪ್ಪಿತು.

2009ರ ಸೆಪ್ಟೆಂಬರ್ 2ರಂದು ಆಂಧ್ರಪ್ರದೇಶದ ಆಗಿನ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿತ್ತು. ಅಷ್ಟೊಂದು ಪಡೆ ಹುಡುಕಿದರೂ ಸಿಕ್ಕಿದ್ದು ಮರುದಿನ ಬೆಳಿಗ್ಗೆ. 2019ರಲ್ಲಿ ಅರುಣಾಚಲದಲ್ಲಿ ಕಾಣೆಯಾದ ವಾಯುಪಡೆಯ ಎಎನ್-32 ವಿಮಾನ ಸಿಗಲು ಎಂಟು ದಿನ ಹಿಡಿಯಿತು. ಬೀಕನ್ ಎರಡು ಸಲವೂ ನೆರವಿಗೆ ಬರಲಿಲ್ಲ, ಕೊನೆಗೆ ಕಂಡದ್ದು ಕಣ್ಣಿಗೇ.

ಕಣ್ಣಿಗೆ ಪಾಠ ಹೇಳುವ ಅವಶೇಷ ವಿಮಾನದಂತೆ ಇರಕೂಡದು. ಬಾಲ, ರೆಕ್ಕೆ, ಕಿಟಕಿ ಜೋಡಿಸಿಟ್ಟರೆ ಶಿಷ್ಯ ಅದನ್ನೇ ಹುಡುಕುತ್ತಾನೆ. ನಿಜದಲ್ಲಿ ಮೇಲಿನಿಂದ ಕಾಣುವುದು ಹೊಸದಾಗಿ ಮುರಿದ ಕೊಂಬೆ, ಕರಿ ಕಲೆ, ಬಿಸಿಲಿಗೆ ಮಿಂಚಿದ ತುಂಡು. ಹಾಗಾಗಿ ನುರಿತವರು ಹರಿದ ತಗಡು, ವೈರು, ಒಂದು ಸೀಟು ಚೆಲ್ಲಾಡಿ ಬಿಡುತ್ತಾರೆ. ಮುಗಿದ ಮೇಲೆ ಎಣಿಸಿ ಒಯ್ಯಬೇಕು, ಬಿಟ್ಟುಹೋದ ತುಂಡು ನಾಳೆ ಸುಳ್ಳು ಸುದ್ದಿಯಾಗುತ್ತದೆ. ಕೆನಡಾದಲ್ಲಿ ಹಳೆಯ ನಿಜ ಅವಶೇಷಗಳಿಗೂ ಹಳದಿ ಬಣ್ಣ ಬಳಿಯುವುದು ಇದಕ್ಕೇ.

ಇನ್ನೊಂದು ಪಾಠ ಮಂಗಳೂರಿನದು. 2010ರ ಮೇ 22ರಂದು ಕೆಂಜಾರಿನ ಕಣಿವೆಗೆ ವಿಮಾನ ಉರುಳಿ 158 ಜನ ತೀರಿಕೊಂಡರು, ಎಂಟು ಜನ ಉಳಿದರು. ನೆರವಿಗೆ ಮೊದಲು ಓಡಿದವರು ಊರಿನವರು.

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಊರಲ್ಲಿ ವಿಮಾನ ಬಿದ್ದರೂ ಹಾಗೆಯೇ ಆಗುತ್ತದೆ. ಕಾರ್ತಿಕದ ಹೊತ್ತಿಗೆ ತೊಗರಿ ಆಳೆತ್ತರ ನಿಂತಿರುತ್ತದೆ. ರೆಕ್ಕೆಯ ತುಂಡು ಹತ್ತು ಹೆಜ್ಜೆ ಆಚೆ ಬಿದ್ದಿದ್ದರೂ ಕಾಣದು. ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಅಗ್ನಿಶಾಮಕ ವಾಹನ ಹೂತುಹೋಗುತ್ತದೆ. ಇಲ್ಲಿಗಾಗಿ ಅಣಕು ಅವಶೇಷ ಕಟ್ಟುವವರು ವಿಮಾನ ಒಂದು ಕಡೆ, ಪ್ಯಾರಾಶೂಟ್ ಇನ್ನೊಂದು ಹೊಲದಲ್ಲಿ, ಪೈಲಟ್‌ನ ಸೀಟು ಮತ್ತೊಂದು ಬದುವಿನಲ್ಲಿ ಇಡಬೇಕಾದೀತು. ಜೆಟ್‌ನಿಂದ ಹೊರಜಿಗಿಸುವ ಆ ಸೀಟಿನಲ್ಲಿ ಸ್ಫೋಟಕ ಇರುತ್ತದೆ. ಸಿಡಿಯದೆ ಉಳಿದಿದ್ದರೆ ಮುಟ್ಟಿದವನ ಪ್ರಾಣಕ್ಕೇ ಕುತ್ತು. ಎಚ್ಚರಿಕೆಗೆಂದು ಜೆಟ್‌ನ ಮೈಮೇಲೆ ಕೆಂಪು ತ್ರಿಕೋನ ಬರೆದಿರುತ್ತಾರೆ. ಅದರೊಳಗಿನ ಅಕ್ಷರ ಇಂಗ್ಲಿಷಿನದು.